ಚರ್ಚಿಗೆ ಸೇರಿದ ಸಣ್ಣ ಕಾಲೇಜಿಗೆ ಮಕ್ಕಳನ್ನು ಕಳಿಸಬಹುದಾ?

ಅಮೆರಿಕದ ಮಿನೆಸೋಟಾದಲ್ಲಿ ನೆಲೆಸಿದ ಮೇಲೆ, ಪ್ರತಿ ವರ್ಷ ಪಿಯುಸಿ ಪರೀಕ್ಷೆಯ ಹೊತ್ತಿಗೆ ಊರಿಂದ ನನಗೊಂದು ಪ್ರಶ್ನೆ ಬರುತ್ತದೆ. ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಮಾತ್ರ ಅದೇ. "ಮಗಳಿಗೆ ನಿಮ್ಮ ಕಡೆಯ ಒಂದು ಸಣ್ಣ ಕಾಲೇಜಿನವರು ಸ್ಕಾಲರ್‌ಶಿಪ್ ಕೊಡ್ತೀವಿ ಅಂತಿದ್ದಾರೆ. ಆದರೆ ಅದು ಲುಥೆರನ್ ಚರ್ಚಿಗೆ ಸೇರಿದ್ದಂತೆ. ಕಳಿಸಬಹುದಾ? ಮತಾಂತರ ಗಿತಾಂತರ ಏನೂ ಇಲ್ಲ ಅಲ್ವಾ?"

ಕಳಿಸಬಹುದು. ಚರ್ಚ್ ಅನ್ನೋ ಒಂದೇ ಕಾರಣಕ್ಕೆ ಬೇಡ ಅನ್ನಬೇಡಿ. ಯೋಚನೆ ಮಾಡಬೇಕಾದ ವಿಷಯ ಬೇರೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಜೆಸ್ವಿಟ್ ಪಾದ್ರಿಗಳು ಶುರು ಮಾಡಿದರು. ಅಲ್ಲಿ ಓದಿದ ಹಿಂದೂ, ಮುಸ್ಲಿಂ, ಜೈನ ಮಕ್ಕಳು ತಲೆಮಾರುಗಳಿಂದ ನಮ್ಮ ನಡುವೆ ಇದ್ದಾರೆ. ಹಾಗಾಗಿ ಇದು ನಮಗೇನೂ ಹೊಸದಲ್ಲ.

ನಾನಿರುವ ಕಡೆಯ ಒಂದು ಕಾಲೇಜನ್ನೇ ನೋಡಿ. ಮಿನಿಯಾಪೊಲಿಸ್‌ನಿಂದ ದಕ್ಷಿಣಕ್ಕೆ ಒಂದು ಗಂಟೆಯೊಳಗೆ ನಾರ್ತ್‌ಫೀಲ್ಡ್ ಅನ್ನುವ ಊರು ಸಿಗುತ್ತದೆ. ಅಲ್ಲಿ ಗುಡ್ಡದ ಮೇಲೆ ಸೇಂಟ್ ಓಲಾಫ್ ಕಾಲೇಜಿದೆ. ನಾರ್ವೆಯಿಂದ ವಲಸೆ ಬಂದ ಲುಥೆರನ್ನರು 1874ರಲ್ಲಿ ಸ್ಥಾಪಿಸಿದ್ದು. ಮೊದಲಿನಿಂದಲೂ ಹುಡುಗ ಹುಡುಗಿಯರು ಒಟ್ಟಿಗೇ ಓದಿದ್ದಾರೆ. ಈಗ ಸುಮಾರು 3,000 ವಿದ್ಯಾರ್ಥಿಗಳಿದ್ದಾರೆ. ಕ್ಯಾಂಪಸ್ ನಡುವೆ ದೊಡ್ಡ ಚಾಪೆಲ್ ಇದೆ. ತರಗತಿ ನಡೆಯುವ ದಿನಗಳಲ್ಲಿ ಅಲ್ಲಿ ಸ್ವಲ್ಪ ಹೊತ್ತು ಪ್ರಾರ್ಥನೆ ಇರುತ್ತದೆ. ಹೋಗುವುದು ಬಿಡುವುದು ಅವರವರ ಇಷ್ಟ. ಧರ್ಮದ ಬಗ್ಗೆ ಕೋರ್ಸ್ ಮಾತ್ರ ಓದಲೇಬೇಕು. ಅದು ಓದು, ಬರಹ, ಚರ್ಚೆ. ನಂಬಿಕೆಗೆ ಅಂಕ ಕೊಡುವುದಿಲ್ಲ. ನಮ್ಮ ಮಕ್ಕಳಿಗೆ ಇದು ಒಳ್ಳೆಯದೇ ಅನ್ನುವುದು ನನ್ನ ಅಭಿಪ್ರಾಯ. ದಿನಾ ಪೂಜೆ ನಡೆಯುವ ಮನೆಯಲ್ಲಿ ಬೆಳೆದರೂ, ದೇವರ ಬಗ್ಗೆ ವಾದ ಮಾಡಲು ಎಷ್ಟು ಮನೆಗಳಲ್ಲಿ ಬಿಡುತ್ತಾರೆ ಹೇಳಿ?

ಚರ್ಚಿನ ನಂಟು ಅಲ್ಲಿ ಜಾಸ್ತಿ ಕಾಣುವುದು ಹಾಡಿನಲ್ಲಿ. ಅಲ್ಲಿನ ಸಂಗೀತದ ಮೇಷ್ಟ್ರು ಎಫ್. ಮೆಲಿಯಸ್ ಕ್ರಿಶ್ಚಿಯನ್ಸನ್ 1912ರಲ್ಲಿ ಶುರು ಮಾಡಿದ ಕ್ರಿಸ್‌ಮಸ್ ಸಂಗೀತೋತ್ಸವ ಇಂದಿಗೂ ನಡೆಯುತ್ತಿದೆ. 500ಕ್ಕೂ ಹೆಚ್ಚು ವಿದ್ಯಾರ್ಥಿಗಳು ಹಾಡುತ್ತಾರೆ, ನುಡಿಸುತ್ತಾರೆ. ಬಯಾಲಜಿ, ಗಣಿತ ಓದುವವರೂ ಅದರಲ್ಲಿರುತ್ತಾರೆ. ಅಷ್ಟು ದನಿಗಳು ಒಟ್ಟಿಗೆ ಏಳುವುದನ್ನು ಒಮ್ಮೆಯಾದರೂ ಕೇಳಬೇಕು.

ಆದರೆ ಎಲ್ಲ ಚರ್ಚ್ ಕಾಲೇಜುಗಳೂ ಒಂದೇ ತರಹ ಇರುವುದಿಲ್ಲ. ಅದೇ ನಾರ್ತ್‌ಫೀಲ್ಡಿನ ಕಾರ್ಲ್‌ಟನ್ ಕಾಲೇಜನ್ನೂ 1866ರಲ್ಲಿ ಚರ್ಚಿನವರೇ ಕಟ್ಟಿದ್ದು. ಇವತ್ತು ಅದು ಯಾವ ಚರ್ಚಿಗೂ ಸೇರಿಲ್ಲ. ಇನ್ನೊಂದು ತುದಿಯಲ್ಲಿ ಇಲಿನಾಯ್ ರಾಜ್ಯದ ವೀಟನ್ ಕಾಲೇಜಿದೆ. ಅಲ್ಲಿ ಅಧ್ಯಾಪಕರು ನಂಬಿಕೆಯ ಹೇಳಿಕೆಗೆ, ಅಂದರೆ ಕ್ರೈಸ್ತ ಧರ್ಮದ ತತ್ವಗಳನ್ನು ನಂಬುತ್ತೇವೆ ಅನ್ನುವ ಪತ್ರಕ್ಕೆ, ಸಹಿ ಹಾಕಬೇಕು. ವಿದ್ಯಾರ್ಥಿಗಳು ಹೇಗೆ ಬದುಕಬೇಕು ಅನ್ನುವುದಕ್ಕೂ ಒಂದು ಒಪ್ಪಂದವಿದೆ. ಓದಿನಲ್ಲಿ ಅದು ಒಳ್ಳೆಯ ಕಾಲೇಜೇ. ಆದರೆ ಕ್ರೈಸ್ತರಲ್ಲದ ಮನೆಯ ಹುಡುಗಿಗೆ ಅಲ್ಲಿ ಹೊಂದಿಕೊಳ್ಳುವುದು ಕಷ್ಟವಾಗಬಹುದು. ಆದ್ದರಿಂದ ಚರ್ಚಿನ ಹೆಸರು ನೋಡಿ ನಿರ್ಧಾರ ಮಾಡಬೇಡಿ. ಪ್ರಾರ್ಥನೆಗೆ ಹಾಜರಿ ಇದೆಯಾ, ಯಾವುದಕ್ಕಾದರೂ ಸಹಿ ಹಾಕಬೇಕಾ ಅಂತ ನೇರವಾಗಿ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ಓದು. ಇಂಥ ಸಣ್ಣ ಕಾಲೇಜುಗಳು ಹೆಚ್ಚಾಗಿ ಲಿಬರಲ್ ಆರ್ಟ್ಸ್ ಕಾಲೇಜುಗಳು, ಅಂದರೆ ಒಂದೇ ವಿಷಯಕ್ಕೆ ಕಟ್ಟಿಹಾಕದೆ ಹಲವು ವಿಷಯ ಓದಿಸುವಂಥವು. ಆ ಹೆಸರು ಕೇಳಿದ ಕೂಡಲೇ ನಮ್ಮವರು ಬಿಎ ಅಂದುಕೊಂಡು ಮುಖ ಸಪ್ಪೆ ಮಾಡುತ್ತಾರೆ. ಅಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಕಂಪ್ಯೂಟರ್ ಸೈನ್ಸ್ ಎಲ್ಲಾ ಇದೆ. ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಯೊಳಗೆ ಮೇಜರ್, ಅಂದರೆ ಮುಖ್ಯವಾಗಿ ಓದುವ ವಿಷಯ, ಯಾವುದು ಅಂತ ಹೇಳಿದರೆ ಸಾಕು. ಹದಿನೇಳರ ವಯಸ್ಸಿಗೇ ಸಿಇಟಿ ರ್‍ಯಾಂಕ್ ನೋಡಿ ಬದುಕು ನಿರ್ಧರಿಸುವ ಮಕ್ಕಳಿಗೆ ಈ ಬಿಡುವು ದೊಡ್ಡದು. ಮೊದಲ ವರ್ಷದ ಪಾಠವನ್ನೂ ಪ್ರೊಫೆಸರೇ ಮಾಡುತ್ತಾರೆ. ಪಿಎಚ್‌ಡಿ ವಿದ್ಯಾರ್ಥಿಗಳು ಇಲ್ಲದಿರುವುದರಿಂದ ಲ್ಯಾಬಿನ ಸಂಶೋಧನೆಗೆ ಡಿಗ್ರಿ ಮಕ್ಕಳನ್ನೇ ಸೇರಿಸಿಕೊಳ್ಳುತ್ತಾರೆ. ಹೀಗಾಗಿ ಹೆಸರು ಹಿಡಿದು ಶಿಫಾರಸು ಪತ್ರ ಬರೆಯುವ ಮೇಷ್ಟ್ರು ಸಿಗುತ್ತಾರೆ. ಮುಂದೆ ಪಿಎಚ್‌ಡಿಗೆ ಅರ್ಜಿ ಹಾಕುವಾಗ ಆ ಪತ್ರದ ಬೆಲೆ ಗೊತ್ತಾಗುತ್ತದೆ.

ಈಗ ನಿಜವಾಗಿ ಯೋಚಿಸಬೇಕಾದ ವಿಷಯ. ಅದು ದುಡ್ಡು. ಮಕ್ಕಳ ದುಡ್ಡಷ್ಟೇ ಅಲ್ಲ, ಕಾಲೇಜಿನ ದುಡ್ಡು ಕೂಡ.

ಅಯೋವಾ ರಾಜ್ಯದಲ್ಲಿ ಅಯೋವಾ ವೆಸ್ಲಿಯನ್ ಅಂತ ಮೆಥಡಿಸ್ಟ್ ಚರ್ಚಿನ ನಂಟಿದ್ದ ಒಂದು ಸಂಸ್ಥೆ ಇತ್ತು. 1842ರದು. ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಗಳಿಗೆ ಹೆಸರಾದ ಜೇಮ್ಸ್ ವ್ಯಾನ್ ಆಲೆನ್, ಗಗನಯಾತ್ರಿ ಪೆಗ್ಗಿ ವಿಟ್ಸನ್ ಇಬ್ಬರೂ ಅಲ್ಲಿ ಓದಿದವರು. ಅಂಥ ಕಾಲೇಜು 2023ರಲ್ಲಿ ಮುಚ್ಚಿತು. ಫಿನ್ಲೆಂಡಿನಿಂದ ಬಂದ ಲುಥೆರನ್ನರು 1896ರಲ್ಲಿ ಮಿಶಿಗನ್ನಿನಲ್ಲಿ ಕಟ್ಟಿದ್ದ ಫಿನ್ಲಾಂಡಿಯಾ ಕೂಡ ಅದೇ ವರ್ಷ ಮುಚ್ಚಿತು. ನಡುವೆ ಓದುತ್ತಿದ್ದ ಮಕ್ಕಳು ಬೇರೆ ಕಾಲೇಜು ಹುಡುಕಬೇಕಾಯಿತು. ವೀಸಾದ ಮೇಲೆ ಬಂದವರಿಗೆ ಅದು ಇನ್ನೂ ಇಕ್ಕಟ್ಟು. 2008ರ ಆರ್ಥಿಕ ಕುಸಿತದ ನಂತರ ಅಮೆರಿಕದಲ್ಲಿ ಹೆರಿಗೆಗಳು ಕಡಿಮೆಯಾದವು. ಆ ಮಕ್ಕಳು ಕಾಲೇಜಿಗೆ ಬರುವ ವಯಸ್ಸು ಈಗ. ಸಣ್ಣ ಕಾಲೇಜುಗಳಿಗೆ ವಿದ್ಯಾರ್ಥಿಗಳು ಸಿಗುವುದು ಇನ್ನೂ ಕಷ್ಟವಾಗಲಿದೆ.

ಎಲ್ಲ ಸಣ್ಣ ಕಾಲೇಜುಗಳೂ ಬಡವಲ್ಲ. ಕೆಲವಕ್ಕೆ ಗಟ್ಟಿಯಾದ ಮೂಲನಿಧಿ ಇದೆ. ಐದು ವರ್ಷದ ಹಿಂದೆ ಎಷ್ಟು ವಿದ್ಯಾರ್ಥಿಗಳಿದ್ದರು, ಈಗ ಎಷ್ಟಿದ್ದಾರೆ ನೋಡಿ. ಇತ್ತೀಚೆಗೆ ಯಾವ ವಿಭಾಗಗಳನ್ನು ಮುಚ್ಚಿದ್ದಾರೆ ವಿಚಾರಿಸಿ. ಬಹುತೇಕ ಕಾಲೇಜುಗಳು ತೆರಿಗೆ ಇಲಾಖೆಗೆ ಕೊಡುವ ಫಾರ್ಮ್ 990 ಅನ್ನುವ ಲೆಕ್ಕಪತ್ರವನ್ನು ಯಾರು ಬೇಕಾದರೂ ಓದಬಹುದು. ವರ್ಷ ವರ್ಷವೂ ಖರ್ಚು ಆದಾಯವನ್ನು ಮೀರುತ್ತಿದ್ದರೆ ಆ ಕಾಲೇಜು ಬೇಡ.

ಸ್ಕಾಲರ್‌ಶಿಪ್ ಮೊತ್ತ ನೋಡಿ ಹಿಗ್ಗಬೇಡಿ. ಇಂಥ ಹಲವು ಕಾಲೇಜುಗಳಲ್ಲಿ ಫೀಸು, ಹಾಸ್ಟೆಲ್, ಊಟ ಸೇರಿ ವರ್ಷಕ್ಕೆ 70 ಸಾವಿರ ಡಾಲರ್ ದಾಟುತ್ತದೆ. 30 ಸಾವಿರ ಬಿಟ್ಟುಕೊಟ್ಟರೂ ಉಳಿದ 40 ಸಾವಿರ ನೀವೇ ಕಟ್ಟಬೇಕು. ಫೀಸು ವರ್ಷ ವರ್ಷ ಏರುತ್ತದೆ, ಸ್ಕಾಲರ್‌ಶಿಪ್ ಎಷ್ಟೋ ಕಡೆ ಇದ್ದಷ್ಟೇ ಇರುತ್ತದೆ. ನಾಲ್ಕೂ ವರ್ಷದ ಲೆಕ್ಕವನ್ನು ಕಾಲೇಜಿನಿಂದ ಬರಹದಲ್ಲಿ ಕೇಳಿ. ಅದಕ್ಕಾಗಿ ಮನೆ ಅಡವಿಡಬೇಕು ಅಂದರೆ ನಾನಂತೂ ಬೇಡ ಅನ್ನುತ್ತೇನೆ, ಕಾಲೇಜು ಎಷ್ಟೇ ಚೆನ್ನಾಗಿರಲಿ.

ಎಂಜಿನಿಯರಿಂಗೇ ಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಂಡ ಹುಡುಗಿಗೂ ಇದು ಸರಿಯಾದ ಜಾಗವಲ್ಲ. ಮೂರು ವರ್ಷ ಇಲ್ಲಿ, ಎರಡು ವರ್ಷ ಬೇರೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಎರಡು ಡಿಗ್ರಿ ಪಡೆಯುವ ದಾರಿ ಕೆಲವು ಕಡೆ ಇದೆ. ಆದರೆ ಒಂದು ವರ್ಷದ ಖರ್ಚು ಜಾಸ್ತಿ. ಗಣಿತವೂ ಇಷ್ಟ, ಇತಿಹಾಸವೂ ಇಷ್ಟ, ಮೇಷ್ಟ್ರ ಹತ್ತಿರ ಹೋಗಿ ಪ್ರಶ್ನೆ ಕೇಳುವ ಧೈರ್ಯ ಇದೆ ಅನ್ನುವ ಮಗಳಿದ್ದರೆ, ಲೆಕ್ಕಪತ್ರ ಸರಿ ಕಂಡರೆ, ಧೈರ್ಯವಾಗಿ ಕಳಿಸಿ. ದಪ್ಪನೆಯ ಕೋಟು ಅಲ್ಲಿಂದ ತರಬೇಡಿ. ಮಿನೆಸೋಟಾದ ಚಳಿಗೆ ಅದು ಸಾಲದು, ಇಲ್ಲೇ ಬಂದು ಕೊಳ್ಳಲಿ.