ಟಾಪ್ ಬ್ರೇಕ್ ರಿವಾಲ್ವರ್ ಮತ್ತೆ ಬರಲಿ, ಮ್ಯಾಗ್ನಮ್ ಆಸೆ ಬಿಟ್ಟು

ಬ್ರಿಟನ್ನಿನ ಹಳೆಯ ವೆಬ್ಲಿ ರಿವಾಲ್ವರ್ ಒಂದು ಮೊದಲ ಸಲ ಕೈಗೆ ಸಿಕ್ಕಾಗ ಆದ ಖುಷಿ ನನಗೆ ಇನ್ನೂ ನೆನಪಿದೆ. ಹೆಬ್ಬೆರಳಿನಿಂದ ಚಿಲಕ ಒತ್ತಿ ಬ್ಯಾರೆಲನ್ನು ಕೆಳಕ್ಕೆ ಬಗ್ಗಿಸಿದರೆ ಸಾಕು, ಇಡೀ ರಿವಾಲ್ವರ್ ನಡುವಿನಲ್ಲಿ ಮಡಚಿಕೊಳ್ಳುತ್ತದೆ, ಗುಂಡುಗಳು ಕೂರುವ ಸಿಲಿಂಡರ್ ಒಳಗಿನ ನಕ್ಷತ್ರದ ಆಕಾರದ ತಟ್ಟೆ ಮೇಲೆದ್ದು ಆರೂ ಖಾಲಿ ಕೇಸುಗಳನ್ನು ಒಟ್ಟಿಗೆ ಆಚೆ ಎಸೆಯುತ್ತದೆ, ಆಮೇಲೆ ಟಕ್ ಅಂತ ತನ್ನ ಜಾಗಕ್ಕೆ ವಾಪಸ್. ಒಂದೇ ಕೈಚಲನೆ. ಇದೇ ಟಾಪ್ ಬ್ರೇಕ್.

ಇಂಥದ್ದು ಇವತ್ತು ಹೊಸದಾಗಿ ಸಿಗುವುದು ಕಡಿಮೆ. ಇಟಲಿಯ ಊಬರ್ಟಿ ಹಳೆಯ ಸ್ಮಿತ್ ಅಂಡ್ ವೆಸನ್ ಮಾದರಿಗಳ ನಕಲು ಮಾಡುತ್ತದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ವೆಬ್ಲಿ ವಂಶದ .32 (ಇಂಚಿನಲ್ಲಿ ಗುಂಡಿನ ಅಂದಾಜು ದಪ್ಪ) ರಿವಾಲ್ವರ್ ಉಳಿದುಕೊಂಡಿದೆ, 2014ರಲ್ಲಿ ಬಂದ ನಿರ್ಭೀಕ್ ಕೂಡ ಅದೇ ಜಾತಿಯದು. ಆದರೆ ಅವು ಆತ್ಮರಕ್ಷಣೆಗೆ ಮಾಡಿದ ಪುಟ್ಟ ರಿವಾಲ್ವರ್‌ಗಳು. ಗುರಿ ಹೊಡೆಯುವ ನಮ್ಮಂಥವರಿಗೆ ಅಂತಲೇ ಯೋಚಿಸಿ ಮಾಡಿದ್ದು ಬೇಕು, ಅಲ್ವಾ?

ಇದು ಯಾಕೆ ಮರೆಯಾಯಿತು ಅಂತ ಮೊದಲು ಹೇಳಬೇಕು. 1870ರಲ್ಲಿ ಸ್ಮಿತ್ ಅಂಡ್ ವೆಸನ್ ಮಾಡೆಲ್ 3 ಬಂತು. ರಷ್ಯಾ ಸೈನ್ಯ ಅದನ್ನು ರಾಶಿಗಟ್ಟಲೆ ಕೊಂಡಿತು. 1873ರ ಕೋಲ್ಟ್‌ನಲ್ಲಿ ಪಕ್ಕದ ಸಣ್ಣ ಬಾಗಿಲಿನಿಂದ ಒಂದೊಂದೇ ಕೇಸ್ ತಳ್ಳಿ ತೆಗೆಯಬೇಕಿತ್ತು, ಅದರ ಮುಂದೆ ಇದು ಎಷ್ಟೋ ಬೇಗ. ಬ್ರಿಟಿಷ್ ಸೈನ್ಯ 1887ರಲ್ಲಿ ವೆಬ್ಲಿ ಹಿಡಿದಿದ್ದು, 1915ರ ಮಾರ್ಕ್ 6ರ ತನಕ ಅದನ್ನೇ ತಿದ್ದುತ್ತಾ ಬಂತು. ಆದರೆ ಈ ರಿವಾಲ್ವರ್‌ನ ಫ್ರೇಮ್ ಎರಡು ತುಂಡು. ಕೆಳಗೆ ಒಂದು ಕೀಲು, ಮೇಲೆ ಒಂದು ಚಿಲಕ, ಅಷ್ಟೇ ಅದನ್ನು ಹಿಡಿದಿಡುವುದು. ಪ್ರತಿ ಗುಂಡಿಗೂ ಒದೆತ ಅವೆರಡನ್ನೂ ಎಳೆಯುತ್ತದೆ. ಸಾವಿರಾರು ಗುಂಡು ಹಾರಿಸಿದ ಮೇಲೆ ಕೀಲು ಸಡಿಲವಾಗುತ್ತದೆ, ಬ್ಯಾರೆಲ್ ಮತ್ತು ಸಿಲಿಂಡರ್ ನಡುವಿನ ಸಂದು ಜಾಸ್ತಿಯಾಗುತ್ತದೆ. ಪಕ್ಕಕ್ಕೆ ತೆರೆಯುವ ಸಿಲಿಂಡರ್ ಬಂದ ಮೇಲೆ ಒಂದೇ ತುಂಡಿನ ಗಟ್ಟಿ ಫ್ರೇಮ್ ಗೆದ್ದಿತು. 1935ರಲ್ಲಿ .357 ಮ್ಯಾಗ್ನಮ್ ಎಂಬ ಜೋರು ಒತ್ತಡದ ಕಾಡತೂಸು ಬಂತು, ಅಲ್ಲಿಗೆ ಮಾತು ಮುಗಿಯಿತು.

ಈಗ ಟಾಪ್ ಬ್ರೇಕ್ ಮತ್ತೆ ಮಾಡಿ ಅನ್ನುವವರಲ್ಲಿ ಬಹಳ ಮಂದಿ ತಕ್ಷಣ ಕೇಳುವುದೂ ಅದೇ .357. ರಷ್ಯಾದ ಇಝೆವ್ಸ್ಕ್‌ನವರು ಎಂಪಿ-412 ಅಂತ ಅದನ್ನು ಮಾಡಿಯೂ ತೋರಿಸಿದರು, ಆದರೆ ದೊಡ್ಡ ಪ್ರಮಾಣದ ತಯಾರಿಕೆಗೆ ಅದು ಹೋಗಲೇ ಇಲ್ಲ. ಸಾಮಾನ್ಯ ರಿವಾಲ್ವರ್ ಕಾಡತೂಸಾದ .38 ಸ್ಪೆಷಲ್‌ನ ಒತ್ತಡದ ಮಿತಿ 17,000 ಪಿಎಸ್ಐ (ಚದರ ಇಂಚಿಗೆ ಪೌಂಡ್), .357ರದು 35,000. ದುಪ್ಪಟ್ಟಿಗಿಂತ ಜಾಸ್ತಿ! ಆ ಹೊರೆಯನ್ನು ಸುಮ್ನೆ ಕೀಲಿನ ಮೇಲೆ ಯಾಕೆ ಹೇರಬೇಕು? ಗುರಿ ಹಲಗೆಯಲ್ಲಿ ತೂತು ಬೀಳಲು ಅಷ್ಟು ಬೇಕಾಗಿಲ್ಲ. 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಗಳಲ್ಲಿ .32 ಲಾಂಗ್ ವಾಡ್‌ಕಟರ್ (ಮೂತಿ ಚಪ್ಪಟೆಯಿರುವ ಗುಂಡಿನ ಕಾಡತೂಸು) ಇವತ್ತಿಗೂ ಬಳಕೆಯಲ್ಲಿದೆ. ಒದೆತ ಮೃದು, ಕೇಸ್ ಗಿಡ್ಡ, ಕೇಸ್ ಗಿಡ್ಡ ಆದಷ್ಟೂ ಅದನ್ನು ಪೂರ್ತಿ ಆಚೆ ತಳ್ಳಲು ತಟ್ಟೆ ಕಡಿಮೆ ಎತ್ತರಕ್ಕೆ ಎದ್ದರೆ ಸಾಕು. ಟಾಪ್ ಬ್ರೇಕ್‌ಗೆ ಹೇಳಿ ಮಾಡಿಸಿದ ಕಾಡತೂಸು ಅದು.

ಕಾಡತೂಸು ಬದಲಿಸಿ ಬಂದೂಕನ್ನು ಅದಕ್ಕೆ ಒಗ್ಗಿಸಲು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಊಬರ್ಟಿಯ ಸ್ಕೋಫೀಲ್ಡ್ (ಮಾಡೆಲ್ 3ರ ಒಂದು ಬಗೆಯ ನಕಲು) ಒಳ್ಳೆಯ ಉದಾಹರಣೆ. ಮೂಲ ಸ್ಕೋಫೀಲ್ಡ್‌ಗೆ .45 ಕೋಲ್ಟ್ ಕಾಡತೂಸು ಉದ್ದ ಜಾಸ್ತಿಯಾಗಿ ಕೂರುತ್ತಿರಲಿಲ್ಲ. ಊಬರ್ಟಿಯವರು ಅದನ್ನು ಕೂರಿಸಲು ಸಿಲಿಂಡರ್ ಉದ್ದ ಮಾಡಿದರು, ಅದಕ್ಕೆ ಜಾಗ ಬಿಡಲು ಸಿಲಿಂಡರ್ ಮುಂದಿನ ಬಳೆಯನ್ನು ಗಿಡ್ಡ ಮಾಡಿದರು. ಹಳೆಯ ಕಾಲದ ಕಪ್ಪು ಮದ್ದಿನ ಮಸಿ ಸಿಲಿಂಡರ್ ತಿರುಗುವ ಅಚ್ಚಿಗೆ ಹೋಗದಂತೆ ತಡೆಯುತ್ತಿದ್ದದ್ದೇ ಆ ಬಳೆ. ಈಗ ಕಪ್ಪು ಮದ್ದು ಹಾಕಿ ಹೊಡೆದರೆ ಸಿಲಿಂಡರ್ ಬೇಗ ಬಿಗಿದುಕೊಳ್ಳುತ್ತದೆ.

ಹಳೆಯದನ್ನು ಇದ್ದ ಹಾಗೇ ಮಾಡಿ ಅಂತಲೂ ನಾನು ಹೇಳುವುದಿಲ್ಲ. ವೆಬ್ಲಿ ಮಾರ್ಕ್ 6ರಲ್ಲಿ ಹಿಂಬದಿಯ ಸೈಟ್ (ಗುರಿ ನೋಡುವ ಕಚ್ಚು) ಇರುವುದು ಚಿಲಕದ ಮೇಲೆ, ಚಿಲಕ ಸವೆದರೆ ಗುರಿಯೂ ಅಲುಗುತ್ತದೆ. ಅದನ್ನು ಬ್ಯಾರೆಲ್ ಜೊತೆಗೇ ಇರುವ ಮೇಲಿನ ಪಟ್ಟಿಗೆ ತಂದರೆ ಎರಡೂ ಸೈಟ್ ಒಂದೇ ತುಂಡಿನ ಮೇಲೆ ಕೂರುತ್ತವೆ, ರೆಡ್ ಡಾಟ್ (ಕೆಂಪು ಚುಕ್ಕೆ ತೋರಿಸುವ ಗುರಿಗಾಜು) ಕೂಡ ಅಲ್ಲೇ ಹಾಕಬಹುದು. ಇನ್ನೊಂದು ಹಳೆಯ ತೊಂದರೆ, ಬ್ಯಾರೆಲ್ ಬಗ್ಗಿದಾಗ ಸಿಲಿಂಡರ್‌ನ ಹಿಂಬದಿ ಆಕಾಶ ನೋಡುತ್ತದೆ, ಅಳುಕುತ್ತಾ ನಿಧಾನವಾಗಿ ತೆರೆದರೆ ಒಂದು ಕೇಸ್ ಜಾರಿ ತಟ್ಟೆಯ ಅಡಿ ಸಿಕ್ಕಿಕೊಳ್ಳುತ್ತದೆ. ಪಕ್ಕಕ್ಕೆ ವಾಲಿಸಿ ಜೋರಾಗಿ ತೆರೆಯುವುದನ್ನು ರೂಢಿ ಮಾಡಿಕೊಳ್ಳಬೇಕು.

ಎಡಗೈಯವರಿಗಂತೂ ಇದು ವರ. ಈಗಿನ ರಿವಾಲ್ವರ್‌ಗಳ ಸಿಲಿಂಡರ್ ಎಡಕ್ಕೆ ತೆರೆಯುತ್ತದೆ, ಬಲಗೈಯವರ ಲೆಕ್ಕದಲ್ಲಿ. ಇದು ನೇರ ಕೆಳಕ್ಕೆ ಬಗ್ಗುವುದರಿಂದ ಯಾವ ಕೈಯಾದರೂ ಒಂದೇ, ಆರೂ ಗುಂಡು ಒಟ್ಟಿಗೆ ತುಂಬುವ ಸ್ಪೀಡ್‌ಲೋಡರ್‌ಗೂ ಅಡ್ಡ ಬರುವುದು ಏನೂ ಇಲ್ಲ.

ನನಗೆ ಬೇಕಾದ್ದು ಇಷ್ಟು: ಪೂರ್ತಿ ಉಕ್ಕು, ಆರು ಗುಂಡು, .32 ಲಾಂಗ್, ಐದು ಇಂಚಿನ ಬ್ಯಾರೆಲ್. ಮತ್ತೆ ಕೀಲಿನ ಪಿನ್ ಸವೆದಾಗ ಅದನ್ನು ತೆಗೆದು ಅದಕ್ಕಿಂತ ಒಂದು ಕೂದಲೆಳೆಯಷ್ಟು ದಪ್ಪಗಿರುವ ಇನ್ನೊಂದನ್ನು ಹಾಕಲು ಬರಬೇಕು, ಅಂಥ ಮೂರ್ನಾಲ್ಕು ಪಿನ್‌ಗಳನ್ನು ಡಬ್ಬಿಯಲ್ಲೇ ಇಟ್ಟು ಕೊಡಲಿ.