ಮಾಲ್ಡೀವ್ಸ್ ರೆಸಾರ್ಟ್‌ಗೆ ಹೊರಟಿದ್ದೀರಾ? ರೂಮಿಗಿಂತ ಮೊದಲು ಊಟ ವಿಚಾರಿಸಿ

ಮಾಲ್ಡೀವ್ಸ್‌ಗೆ ಹೋಗುವವರು ಮೊದಲು ತಲೆ ಕೆಡಿಸಿಕೊಳ್ಳುವುದು ರೂಮಿನ ಬಗ್ಗೆ. ನೀರಿನ ಮೇಲಿನ ವಿಲ್ಲಾನಾ, ದಡದ ವಿಲ್ಲಾನಾ, ಸ್ವಂತ ಈಜುಕೊಳ ಇದೆಯಾ ಅಂತ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಊಟದ ಮಾತು ಬಂದರೆ ‘ಅಲ್ಲಿ ಹೋಗಿ ನೋಡಿಕೊಂಡರಾಯ್ತು’ ಅನ್ನುತ್ತಾರೆ. ಬೇರೆ ಊರಾದರೆ ಇದು ನಡೆಯುತ್ತದೆ. ಹೋಟೆಲಿನ ಊಟ ಹಿಡಿಸದಿದ್ದರೆ ಎದುರಿನ ಅಂಗಡಿಗೆ ಹೋಗಬಹುದು. ಇಲ್ಲಿ ಎದುರಿಗಿರುವುದು ಸಮುದ್ರ. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. 1972ರಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ಶುರುವಾದಾಗಿನಿಂದ ಹೆಚ್ಚುಕಡಿಮೆ ಇದೇ ಪದ್ಧತಿ. ಅವರು ಬಡಿಸಿದ್ದೇ ಊಟ, ಅವರು ಹೇಳಿದ್ದೇ ರೇಟು. ಹಾಗಾಗಿ ಊಟದ ತೀರ್ಮಾನ ನಿಮ್ಮ ಮನೆಯಲ್ಲೇ ಆಗಬೇಕು, ಟಿಕೆಟ್ ಬುಕ್ ಮಾಡುವ ಮೊದಲೇ.

ನಮ್ಮ ಗುಂಪಿನಲ್ಲಿ ಎರಡೂ ಥರದವರಿದ್ದರು. ಮೀನು ಕಂಡರೆ ಮುಖ ಅರಳುವವರು, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ಇಬ್ಬರಿಗೂ ಉಪಯೋಗವಾಗುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಪ್ಲಾನ್ ವಿಷಯ. ರೆಸಾರ್ಟ್‌ನವರು ಸಾಮಾನ್ಯವಾಗಿ ನಾಲ್ಕು ಥರ ಕೊಡುತ್ತಾರೆ. ಬರೀ ತಿಂಡಿ ಸೇರಿದ್ದು, ತಿಂಡಿ ಮತ್ತು ರಾತ್ರಿ ಊಟ ಸೇರಿದ ಹಾಫ್ ಬೋರ್ಡ್, ಮೂರು ಹೊತ್ತೂ ಇರುವ ಫುಲ್ ಬೋರ್ಡ್, ಕುಡಿಯುವುದೂ ಸೇರಿದ ಆಲ್ ಇನ್‌ಕ್ಲೂಸಿವ್. ಹಾಫ್ ಬೋರ್ಡ್ ನೋಡಲು ಜಾಣತನದ ಆಯ್ಕೆ ಅನ್ನಿಸುತ್ತದೆ. ಮಧ್ಯಾಹ್ನ ಲೈಟಾಗಿ ಏನಾದರೂ ತಿಂದುಕೊಳ್ಳೋಣ ಅಂತ ಲೆಕ್ಕ ಹಾಕುತ್ತೇವೆ. ಆದರೆ ಆ ‘ಲೈಟಾಗಿ’ ಅನ್ನುವುದಕ್ಕೆ ಅಲ್ಲಿ ಬೇರೆಯೇ ಬೆಲೆ. ನಾವಿದ್ದ ಕಡೆ ಕೊಳದ ಪಕ್ಕದ ಹೋಟೆಲಿನಲ್ಲಿ ಒಂದು ಸಾದಾ ಪಿಜ್ಜಾಗೆ ಮೆನುವಿನಲ್ಲಿ 28 ಡಾಲರ್ ಇತ್ತು. ಬಿಲ್ಲಿಗೆ ಬಂದಾಗ ಅದು 36 ಡಾಲರ್.

ಈ ಎಂಟು ಡಾಲರ್ ಎಲ್ಲಿಂದ ಬಂತು? ಮೆನುವಿನ ರೇಟಿನ ಪಕ್ಕ ಸಣ್ಣದಾಗಿ ಎರಡು ಪ್ಲಸ್ ಗುರುತು ಇರುತ್ತದೆ. ಒಂದು ಶೇ. 10 ಸರ್ವಿಸ್ ಚಾರ್ಜ್. ಇನ್ನೊಂದು ಪ್ರವಾಸೋದ್ಯಮದ ಜಿಎಸ್‌ಟಿ. ಇದು 2023ರ ಜನವರಿಯಲ್ಲಿ ಶೇ. 16 ಆಯಿತು, 2025ರ ಜುಲೈಯಿಂದ ಶೇ. 17. ತೆರಿಗೆಯನ್ನು ಸರ್ವಿಸ್ ಚಾರ್ಜ್ ಸೇರಿದ ಮೊತ್ತದ ಮೇಲೆ ಹಾಕುತ್ತಾರೆ. ಅಂದರೆ 100 ಡಾಲರ್ ಊಟ 128 ಡಾಲರ್ 70 ಸೆಂಟ್ ಆಗುತ್ತದೆ. ಮೆನುವಿನಲ್ಲಿ ಕಂಡ ಯಾವುದೇ ಬೆಲೆಗೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಸೇರಿಸಿಕೊಂಡೇ ಆರ್ಡರ್ ಮಾಡಿ. ಇದಲ್ಲದೆ ರೆಸಾರ್ಟ್‌ನಲ್ಲಿ ಉಳಿಯುವ ಒಬ್ಬೊಬ್ಬರಿಗೂ ದಿನಕ್ಕೆ 12 ಡಾಲರ್ ಗ್ರೀನ್ ಟ್ಯಾಕ್ಸ್ ಇದೆ. 2024ರ ಕೊನೆಯವರೆಗೆ ಅದು 6 ಡಾಲರ್ ಇತ್ತು. ಹಳೆಯ ಪ್ರವಾಸದ ಲೆಕ್ಕ ಹೇಳುವ ಗೆಳೆಯರ ಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹಾಫ್ ಬೋರ್ಡ್ ಮತ್ತು ಫುಲ್ ಬೋರ್ಡ್‌ನಲ್ಲಿ ಇನ್ನೊಂದು ವಿಷಯ ಕೇಳಿಕೊಳ್ಳಿ. ಊಟದ ಜೊತೆ ಕುಡಿಯುವ ನೀರು ಸೇರಿದೆಯಾ? ಎಷ್ಟೋ ಕಡೆ ಇಲ್ಲ. ರೂಮಿನಲ್ಲಿ ನೀರು ಪುಕ್ಕಟೆ, ಊಟದ ಮೇಜಿನ ಮೇಲೆ ಅದೇ ನೀರಿಗೆ ಬಿಲ್. ನಮ್ಮ ಮೇಜಿಗೂ ಮೊದಲ ರಾತ್ರಿ ಒಂದು ಗಾಜಿನ ಬಾಟಲಿ ಬಂತು, ಕೇಳದೇ ಮುಚ್ಚಳ ತೆಗೆದರು, ಬಿಲ್ಲಿನಲ್ಲಿ ಸೇರಿಸಿದರು. ಸೌಜನ್ಯಕ್ಕೇನೂ ಕೊರತೆ ಇರಲಿಲ್ಲ, ನಗುನಗುತ್ತಲೇ ಸೇರಿಸಿದರು.

ಹಾಗಾದರೆ ಯಾವುದು ಒಳ್ಳೆಯದು? ಮದ್ಯ ಕುಡಿಯದವರಿಗೆ, ಅದರಲ್ಲೂ ಮಕ್ಕಳಿರುವ ಮನೆಯವರಿಗೆ, ಫುಲ್ ಬೋರ್ಡ್ ಸಾಕು ಅಂತ ನನ್ನ ಅಭಿಪ್ರಾಯ. ತಿಂಡಿಯನ್ನು ಹೊತ್ತು ಮೀರಿ ಮಾಡಿ ಮಧ್ಯಾಹ್ನ ಬಿಡುವ ಜೋಡಿಗಳಿಗೆ ಹಾಫ್ ಬೋರ್ಡ್ ನಡೆಯುತ್ತದೆ. ದಿನಕ್ಕೆ ನಾಲ್ಕೈದು ಸಲ ಜ್ಯೂಸು, ಕಾಫಿ, ಬಿಯರ್ ಅಂತ ಕೈ ಎತ್ತುವವರು ಆಲ್ ಇನ್‌ಕ್ಲೂಸಿವ್ ತೆಗೆದುಕೊಳ್ಳಲಿ. ಆದರೆ ‘ಆಲ್’ ಅಂದ ಮಾತ್ರಕ್ಕೆ ಎಲ್ಲವೂ ಅಲ್ಲ. ಹಲವು ಕಡೆ ಅದು ದೊಡ್ಡ ಬಫೆ ಹಾಲ್‌ಗೆ ಮಾತ್ರ. ಜಪಾನಿ, ಇಟಾಲಿಯನ್ ಹೋಟೆಲುಗಳಲ್ಲಿ ಒಬ್ಬರಿಗೆ ಇಷ್ಟು ಡಾಲರ್ ಅಂತ ರಿಯಾಯಿತಿ ಕೊಟ್ಟು ಉಳಿದದ್ದನ್ನು ನಿಮ್ಮಿಂದಲೇ ತೆಗೆದುಕೊಳ್ಳುತ್ತಾರೆ. ಯಾವ ಹೋಟೆಲು, ಎಷ್ಟು ಸಲ, ಮಿನಿಬಾರ್ (ರೂಮಿನ ಫ್ರಿಜ್‌ನಲ್ಲಿ ಇಟ್ಟಿರುವ ತಿನ್ನುವ, ಕುಡಿಯುವ ಸಾಮಾನು) ಸೇರಿದೆಯಾ, ಐಸ್‌ಕ್ರೀಮ್ ಸೇರಿದೆಯಾ ಎಂಬುದನ್ನು ಇಮೇಲ್‌ನಲ್ಲೇ ಬರೆಸಿಕೊಳ್ಳಿ. ಫೋನಿನಲ್ಲಿ ಏಜೆಂಟ್ ಹೇಳಿದ ಮಾತು ದ್ವೀಪದಲ್ಲಿ ನಡೆಯುವುದಿಲ್ಲ.

ಇಷ್ಟು ದುಡ್ಡು ಕೊಟ್ಟ ಮೇಲೆ ಊಟ ಹೇಗಿರುತ್ತದೆ? ಇದಕ್ಕೆ ಉತ್ತರ ಆ ದೇಶದ ಮಣ್ಣಿನಲ್ಲಿದೆ. ಹವಳದ ಮರಳಿನ ಮೇಲೆ ಹೆಚ್ಚೇನೂ ಬೆಳೆಯುವುದಿಲ್ಲ. ಮೀನು, ತೆಂಗಿನಕಾಯಿ, ಅಲ್ಪಸ್ವಲ್ಪ ಹಣ್ಣು ತರಕಾರಿ ಬಿಟ್ಟರೆ ಉಳಿದದ್ದೆಲ್ಲ ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ಅಕ್ಕಿ, ಸಕ್ಕರೆ, ಈರುಳ್ಳಿ, ಆಲೂಗಡ್ಡೆ, ಮೊಟ್ಟೆ, ಬೇಳೆಯನ್ನು ಭಾರತ 1981ರ ವ್ಯಾಪಾರ ಒಪ್ಪಂದದಡಿ ಕೋಟಾ ಮಾಡಿ ಕಳಿಸುತ್ತದೆ. ಹೀಗಾಗಿ ಬಫೆಯಲ್ಲಿ ಸಾಲ್ಮನ್, ಕುರಿ ಮಾಂಸ, ಸ್ಟ್ರಾಬೆರಿ ಎಷ್ಟೇ ಚೆಂದ ಜೋಡಿಸಿಟ್ಟಿದ್ದರೂ ಅವು ಐಸಿನಲ್ಲಿ ಬಹಳ ದೂರ ಬಂದವು. ಟ್ಯೂನಾ ಮೀನು ಮಾತ್ರ ಪಕ್ಕದ ನೀರಿನದು. ಅಲ್ಲಿನವರು ಬಲೆ ಹಾಕದೆ ಗಾಳದ ಕೋಲಿನಲ್ಲಿ ಒಂದೊಂದೇ ಮೀನು ಹಿಡಿಯುವ ಹಳೆಯ ಪದ್ಧತಿ ಉಳಿಸಿಕೊಂಡಿದ್ದಾರೆ. ಗ್ರಿಲ್ ಕೌಂಟರಿನಲ್ಲಿ ‘ಇವತ್ತಿನ ಮೀನು ಯಾವುದು’ ಅಂತ ಕೇಳಿ, ಎದುರಿಗೇ ಸುಡಿಸಿಕೊಳ್ಳಿ. ಅದರ ಮುಂದೆ ಬಫೆಯ ಉಳಿದ ಮಾಂಸದಡುಗೆಗಳೆಲ್ಲ ಸಪ್ಪೆ. ದಿನಕ್ಕೊಂದು ದೇಶದ ಹೆಸರಿಟ್ಟು ಥೀಮ್ ನೈಟ್ ಮಾಡುತ್ತಾರೆ ನಿಜ. ಆದರೆ ಹಬ್ಬದ ಮರುದಿನದ ಅಡುಗೆಯ ಹಾಗೆ, ನಿನ್ನೆಯ ಕೋಳಿಯೇ ಇವತ್ತು ಬೇರೆ ವೇಷದಲ್ಲಿ ಬಂದಿರುತ್ತದೆ.

ಬೆಳಗಿನ ತಿಂಡಿ ಅಲ್ಲಿನ ಅತ್ಯುತ್ತಮ ಊಟ. ದೊಡ್ಡ ಹಾಲ್‌ನ ಒಂದು ಮೂಲೆಯಲ್ಲಿ, ಕ್ರೊಸಾಂಟ್‌ಗಳ ಗದ್ದಲದಿಂದ ದೂರ, ಮಸ್ ಹುನಿ ಇಟ್ಟಿರುತ್ತಾರೆ. ಟ್ಯೂನಾ, ಆಗತಾನೆ ತುರಿದ ತೆಂಗಿನಕಾಯಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ನಿಂಬೆರಸ. ಎಲ್ಲವನ್ನೂ ಕೈಯಲ್ಲಿ ಕಲಸಿ ರೋಶಿ ಎಂಬ ತೆಳು ಚಪಾತಿ ಜೊತೆ ಕೊಡುತ್ತಾರೆ. ಕರಾವಳಿಯವರಿಗೆ ಇದನ್ನು ಪರಿಚಯಿಸುವುದೇ ಬೇಡ, ಮೊದಲ ತುತ್ತಿಗೇ ಒಪ್ಪಿಬಿಡುತ್ತಾರೆ. ಗರುಧಿಯಾ ಎಂಬ ತಿಳಿ ಮೀನಿನ ಸಾರು ಬಫೆಯಲ್ಲಿ ದಿನಾ ಇರುವುದಿಲ್ಲ. ಮಾಲ್ಡೀವ್ಸ್ ಅಡುಗೆಯ ರಾತ್ರಿ ಯಾವತ್ತು ಅಂತ ಮೊದಲ ದಿನವೇ ಕೇಳಿಕೊಳ್ಳಿ. ಅನ್ನಕ್ಕೆ ಗರುಧಿಯಾ ಹಾಕಿ, ನಿಂಬೆ ಹಿಂಡಿ, ಮೆಣಸು ಕಚ್ಚಿಕೊಂಡು ತಿನ್ನಬೇಕು. ದೋಸೆ ಕೌಂಟರ್ ಈಗ ಸುಮಾರು ಕಡೆ ಇದೆ. ನಮ್ಮಲ್ಲಿ ದೋಸೆ ಹುಯ್ಯುತ್ತಿದ್ದವರು ಕೇರಳದವರು, ಹಿಟ್ಟು ಚೆನ್ನಾಗಿ ಹುಳಿ ಬಂದಿತ್ತು. ಸಾಂಬಾರ್ ಬಗ್ಗೆ ಏನೂ ಹೇಳುವುದಿಲ್ಲ.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ಗಮನ ಕೊಡಿ. ಆ ದೇಶದ ಅಡುಗೆಯಲ್ಲಿ ಮೀನು ಎಲ್ಲೆಲ್ಲೋ ಅಡಗಿರುತ್ತದೆ. ಒಣಗಿಸಿದ ಟ್ಯೂನಾ ಚೂರುಗಳು ತರಕಾರಿ ಪಲ್ಯದಲ್ಲಿ, ಚಟ್ನಿಯಲ್ಲಿ ಬೀಳುವುದು ಅವರಿಗೆ ಮಾಮೂಲಿ. ಸಂಜೆ ಚಹಾ ಜೊತೆ ಇಡುವ ಬಜಿಯಾ ನೋಡಲು ಥೇಟ್ ನಮ್ಮ ಸಮೋಸ, ಒಳಗೆ ಮೀನು. ಗುಳ್ಹಾ ಎಂಬ ದುಂಡಗಿನ ಕರಿದ ತಿಂಡಿಯಲ್ಲೂ ಮೀನು. ಬರೀ ‘ವೆಜ್’ ಅಂದರೆ ಸಾಲದು. ಮೀನು, ಮೊಟ್ಟೆ, ಮಾಂಸದ ಸ್ಟಾಕ್ (ಮಾಂಸ, ಮೂಳೆ ಬೇಯಿಸಿ ತೆಗೆದ ತಿಳಿ ಸಾರು), ಪ್ರಾಣಿಗಳ ಮೂಳೆ ಚರ್ಮದಿಂದ ಮಾಡುವ ಜೆಲಾಟಿನ್ ಯಾವುದೂ ಬೇಡ ಅಂತ ಒಂದೊಂದನ್ನೂ ಹೆಸರಿಸಿ ಹೇಳಿ. ನಾವು ಒಂದು ರಾತ್ರಿ ಇಟಾಲಿಯನ್ ಹೋಟೆಲಿಗೆ ಹೋಗಿದ್ದೆವು. ವೆಜ್ ರಿಸೊಟೊ ಅಂತಲೇ ಆರ್ಡರ್ ಮಾಡಿದ್ದು. ಮುಕ್ಕಾಲು ಗಂಟೆ ಕಾದ ಮೇಲೆ ಬಂತು. ಅನುಮಾನ ಬಂದು ವಿಚಾರಿಸಿದರೆ ಅಕ್ಕಿ ಬೇಯಿಸಿದ್ದು ಕೋಳಿ ಸ್ಟಾಕಿನಲ್ಲಿ. ‘ಚಿಕನ್ ತುಂಡು ಹಾಕಿಲ್ಲವಲ್ಲ’ ಎಂಬುದು ಮೊದಲು ಬಂದ ಉತ್ತರ. ಮ್ಯಾನೇಜರ್ ಬಂದು ಕ್ಷಮೆ ಕೇಳಿದರು, ಬಿಲ್ ಹಾಕುವುದಿಲ್ಲ ಅಂದರು. ಆದರೂ ಮೊಟ್ಟೆ ಮುಟ್ಟದ ಹಿರಿಯರ ಆ ರಾತ್ರಿಯ ಊಟ ಬಾಳೆಹಣ್ಣಿಗೆ ಮುಗಿಯಿತು.

ಇದಕ್ಕೆ ಪರಿಹಾರ ಸುಲಭ. ಹೊರಡುವ ಎರಡು ವಾರ ಮೊದಲೇ ರೆಸಾರ್ಟ್‌ಗೆ ಇಮೇಲ್ ಹಾಕಿ. ಭಾರತೀಯ ಅಡುಗೆಯವರಿದ್ದಾರಾ, ಬೇರೆ ಬಾಣಲೆಯಲ್ಲಿ ಮಾಡಿಕೊಡುತ್ತೀರಾ ಅಂತ ಕೇಳಿ. ದ್ವೀಪ ಮುಟ್ಟಿದ ಸಂಜೆಯೇ ಶೆಫ್ ಅವರನ್ನು ಮುಖತಃ ನೋಡಿ. ಆ ಘಟನೆಯ ಮರುದಿನ ಅವರೇ ನಮ್ಮ ಮೇಜಿಗೆ ಬಂದರು. ಉಳಿದ ರಾತ್ರಿಗಳಲ್ಲಿ ಮೆನುವಿನಲ್ಲೇ ಇಲ್ಲದ ತೊವ್ವೆ, ಫುಲ್ಕ, ಬೆಂಡೆಕಾಯಿ ಪಲ್ಯ ಒಳಗಿನಿಂದ ಬಿಸಿಬಿಸಿ ಬಂದವು. ಬಫೆಯ ‘ಇಂಡಿಯನ್ ಕರಿ’ಗಿಂತ ಅದು ಎಷ್ಟೋ ಪಾಲು ಮೇಲು. ಕೇಳಿದರೆ ಮಾಡಿಕೊಡುತ್ತಾರೆ. ಕೇಳದೆ ಸುಮ್ನೆ ಇದ್ದು, ಊರಿಗೆ ಬಂದು ಒಂದು ಸ್ಟಾರ್ ಕೊಡುವುದರಿಂದ ಯಾರಿಗೂ ಹೊಟ್ಟೆ ತುಂಬುವುದಿಲ್ಲ, ಅಲ್ವಾ?

ಸೇವೆಯ ವಿಷಯದಲ್ಲಿ ಮಾಲ್ಡೀವ್ಸ್‌ನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಹಲವು ರೆಸಾರ್ಟ್‌ಗಳಲ್ಲಿ ಮೊದಲ ದಿನ ಕೊಟ್ಟ ಮೇಜು ಮತ್ತು ವೇಟರ್ ಕೊನೆಯವರೆಗೂ ನಿಮ್ಮವರೇ. ಎರಡನೇ ದಿನಕ್ಕೆ ಅವರಿಗೆ ಯಾರಿಗೆ ಸಕ್ಕರೆ ಬೇಡ, ಯಾವ ಮಗುವಿಗೆ ಖಾರ ಆಗದು ಎಂಬುದೆಲ್ಲ ಗೊತ್ತಿರುತ್ತದೆ. ಅಲ್ಲಿ ಬಡಿಸುವವರಲ್ಲಿ ಸ್ಥಳೀಯರ ಜೊತೆಗೆ ಬಾಂಗ್ಲಾದೇಶ, ಶ್ರೀಲಂಕಾ, ಭಾರತದವರು ತುಂಬಾ ಜನ. ವರ್ಷಕ್ಕೊಮ್ಮೆ ಮನೆ ನೋಡುವವರು. ಹೆಸರು ಕೇಳಿ, ಎರಡು ಮಾತಾಡಿ. ಟಿಪ್ ಬಗ್ಗೆ ಎಲ್ಲರಿಗೂ ಗೊಂದಲ. ಬಿಲ್ಲಿನ ಸರ್ವಿಸ್ ಚಾರ್ಜನ್ನು ನೌಕರರಿಗೆ ಹಂಚಬೇಕು ಎಂದು ಅಲ್ಲಿನ ಕಾನೂನೇ ಹೇಳುತ್ತದೆ. ಹಾಗಾಗಿ ಟಿಪ್ ಕೊಡಲೇಬೇಕೆಂದಿಲ್ಲ. ಕೊಡುವ ಮನಸ್ಸಿದ್ದರೆ ಚಿಲ್ಲರೆ ಡಾಲರ್ ನೋಟುಗಳನ್ನು ಇಲ್ಲಿಂದಲೇ ಒಯ್ಯಿರಿ, ಕೊನೆಯ ದಿನ ನೇರವಾಗಿ ಅವರ ಕೈಗೇ ಕೊಡಿ.

ಗಡಿಯಾರದ ವಿಷಯ ಹೇಳಲೇಬೇಕು. ಆ ದೇಶದ ರಾಜಧಾನಿ ಮಾಲೆಯ ಸಮಯ ನಮಗಿಂತ ಅರ್ಧ ಗಂಟೆ ಹಿಂದೆ. ಆದರೆ ಎಷ್ಟೋ ರೆಸಾರ್ಟ್‌ಗಳು ತಮ್ಮದೇ ‘ದ್ವೀಪದ ಸಮಯ’ ಇಟ್ಟುಕೊಂಡಿರುತ್ತವೆ, ಮಾಲೆಗಿಂತ ಒಂದು ಗಂಟೆ ಮುಂದೆ. ನಿಮ್ಮ ಮೊಬೈಲ್ ಮಾಲೆಯ ಗಂಟೆ ತೋರಿಸುತ್ತಿರುತ್ತದೆ, ತಿಂಡಿಯ ಹಾಲ್ ದ್ವೀಪದ ಗಂಟೆಗೆ ಬಾಗಿಲು ಹಾಕುತ್ತದೆ. ಹೋದ ಕೂಡಲೇ ರಿಸೆಪ್ಷನ್‌ನಲ್ಲಿ ಕೇಳಿಕೊಳ್ಳಿ. ಬುಕಿಂಗ್ ಬೇಕಾಗುವ ಹೋಟೆಲುಗಳ ಮೇಜನ್ನೂ ಆಗಲೇ ಹೇಳಿಬಿಡಿ. ಮೂರನೇ ದಿನ ಕೇಳಿದರೆ ರಾತ್ರಿ ಹತ್ತರ ಜಾಗ ಮಾತ್ರ ಉಳಿದಿರುತ್ತದೆ.

ಕೊಳದಲ್ಲಿ ತೇಲುವ ತಟ್ಟೆಯ ತಿಂಡಿ ಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಫೋಟೋಗೆ ಬೇಕು, ಹೊಟ್ಟೆಗೆ ಬೇಡ. ಕಾಫಿ ತಣ್ಣಗಾಗುತ್ತದೆ, ಟೋಸ್ಟ್ ಒದ್ದೆಯಾಗುತ್ತದೆ, ಕಾಗೆ ಬಂದರೆ ನೀವು ನೀರಿನಲ್ಲಿ, ಅದು ತಟ್ಟೆಯಲ್ಲಿ.

ಊರಿನಿಂದ ಏನು ಒಯ್ಯಬಹುದು? ಮದ್ಯ ಮತ್ತು ಹಂದಿಮಾಂಸದ ಪದಾರ್ಥ ಒಳಗೆ ಬಿಡುವುದಿಲ್ಲ. ಬೆಂಗಳೂರಿನ ಡ್ಯೂಟಿ ಫ್ರೀಯಲ್ಲಿ ಬಾಟಲಿ ಕೊಳ್ಳಬೇಡಿ, ಮಾಲೆಯ ಕಸ್ಟಮ್ಸ್‌ನವರು ತೆಗೆದಿಟ್ಟುಕೊಳ್ಳುತ್ತಾರೆ. ಚಟ್ನಿಪುಡಿ, ಪ್ಯಾಕ್ ಮಾಡಿದ ಅವಲಕ್ಕಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿಗೆ ನಮಗೆ ಯಾರೂ ತಕರಾರು ಮಾಡಲಿಲ್ಲ. ರೂಮಿನಲ್ಲಿ ಕೆಟಲ್ ಇರುತ್ತದೆ. ರೆಸಾರ್ಟ್‌ಗೆ ಸೀಪ್ಲೇನ್‌ನಲ್ಲಿ, ಅಂದರೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ, ಹೋಗುವವರಿಗೆ ಸಾಮಾನಿನ ತೂಕದ ಮಿತಿ ಕಡಿಮೆ, ಅದನ್ನೂ ನೋಡಿಕೊಳ್ಳಿ.

ದುಡ್ಡು ಉಳಿಸಬೇಕು, ಅಲ್ಲಿನ ಜನ ತಿನ್ನುವುದನ್ನೇ ತಿನ್ನಬೇಕು ಅನ್ನುವವರು ಒಂದೆರಡು ರಾತ್ರಿ ಜನವಸತಿ ಇರುವ ದ್ವೀಪದಲ್ಲಿ ಉಳಿಯಿರಿ. 2009ರಿಂದ ಅಲ್ಲಿ ಗೆಸ್ಟ್‌ಹೌಸ್‌ಗಳಿಗೆ ಅನುಮತಿ ಇದೆ. ಮಾಫುಶಿ ಎಲ್ಲರಿಗೂ ಗೊತ್ತಿರುವ ಹೆಸರು, ತುಲುಸ್ಧೂ ಇನ್ನೂ ಸ್ವಲ್ಪ ನಿಧಾನದ ಊರು. ರೆಸಾರ್ಟ್‌ನ ಒಂದು ಪಿಜ್ಜಾದ ದುಡ್ಡಿಗೆ ಇಲ್ಲಿ ಮನೆಮಂದಿಯೆಲ್ಲ ಮೀನು, ಫ್ರೈಡ್ ರೈಸ್ ತಿಂದು ಏಳಬಹುದು. ಮದ್ಯ ಸಿಗುವುದಿಲ್ಲ. ಶುಕ್ರವಾರ ನಮಾಜಿನ ಹೊತ್ತಿಗೆ ಅಂಗಡಿಗಳು ಮುಚ್ಚಿರುತ್ತವೆ. ರಂಜಾನ್ ತಿಂಗಳಲ್ಲಿ ಹಗಲು ಹೋಟೆಲು ಸಿಗುವುದು ಕಷ್ಟ, ಆಗ ರೆಸಾರ್ಟೇ ವಾಸಿ, ಅಲ್ಲಿ ಎಂದಿನಂತೆ ನಡೆಯುತ್ತದೆ.

ಹೋಗುವ ದಿನ ಮತ್ತು ಬರುವ ದಿನದ ಊಟದ ಲೆಕ್ಕವನ್ನೂ ಹಾಕಿ. ಸೀಪ್ಲೇನ್ ಹಾರುವುದು ಬೆಳಕಿರುವಾಗ ಮಾತ್ರ. ನಿಮ್ಮ ವಿಮಾನ ಸಂಜೆ ಇಳಿದರೆ ಆ ರಾತ್ರಿ ಮಾಲೆ ಕಡೆಯೇ ಉಳಿಯಬೇಕು, ರೆಸಾರ್ಟ್‌ನಲ್ಲಿ ದುಡ್ಡು ಕಟ್ಟಿದ ಊಟ ಹೋಯಿತು ಅಂತಲೇ ಲೆಕ್ಕ. ಹೊರಡುವ ದಿನ ಫುಲ್ ಬೋರ್ಡ್ ಇದ್ದರೂ ಮಧ್ಯಾಹ್ನದ ಊಟ ಸಾಮಾನ್ಯವಾಗಿ ಸೇರಿರುವುದಿಲ್ಲ. ಬಂದ ದಿನದ ಮಧ್ಯಾಹ್ನದ ಊಟ ತಪ್ಪಿದ್ದರೆ ಅದಕ್ಕೆ ಬದಲಾಗಿ ಇದನ್ನು ಕೊಡಿ ಅಂತ ಕೇಳಿ, ನಮಗೆ ಕೊಟ್ಟರು. ಬಿಲ್ಲನ್ನು ಹಿಂದಿನ ರಾತ್ರಿಯೇ ತರಿಸಿಕೊಂಡು ಸಾಲುಸಾಲಾಗಿ ಓದಿ. ನಮ್ಮದರಲ್ಲಿ ಮುಟ್ಟದ ಮಿನಿಬಾರ್ ಚಿಪ್ಸ್ ಇತ್ತು, ವಾಪಸ್ ಕಳಿಸಿದ್ದ ಆ ರಿಸೊಟೊ ಕೂಡ ಇತ್ತು. ತೋರಿಸಿದ ಕೂಡಲೇ ತೆಗೆದರು. ಬೆಳಗ್ಗೆ ಬೋಟ್ ಹತ್ತುವ ಗಡಿಬಿಡಿಯಲ್ಲಿ ಅದನ್ನೆಲ್ಲ ನೋಡಲು ಪುರುಸೊತ್ತು ಸಿಗುವುದಿಲ್ಲ.