ಮೆತ್ತಗಿನ ನಿಪ್ಪಟ್ಟಿನ ರೈಲು

ಭಾನುವಾರದಿಂದ ಆ ಅಂಗಡಿಯಮ್ಮನ ಮಾತು ತಲೆಯಿಂದ ಇಳಿದಿಲ್ಲ. ಜಪಾನಿನ ಚೋಶಿ ಊರಿನ ಇನುಬೋ ಸ್ಟೇಷನ್ನಿನಲ್ಲಿ ನುರೆ ಸೆಂಬೇ ಪೊಟ್ಟಣ ಕೈಗಿಟ್ಟು, ಚಿಲ್ಲರೆ ಎಣಿಸಿ ಕೊಟ್ಟು, 'ಇದರಿಂದ ರೈಲು ಓಡುತ್ತೆ' ಅಂದರು. ನಗಲಿಲ್ಲ, ಗೋಗರೆಯಲೂ ಇಲ್ಲ. ಸಂಜೆ ಮಳೆ ಬರುತ್ತೆ ಅಂದ ಹಾಗೆ ಅಂದರು.

ನುರೆ ಸೆಂಬೇ ಅಂದರೆ ಸೋಯಾ ಸಾಸಿನಲ್ಲಿ ಅದ್ದಿದ ಅಕ್ಕಿ ಬಿಲ್ಲೆ. ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ಹಾಕಲು ಮರೆತ ನಿಪ್ಪಟ್ಟನ್ನು ನೆನೆಸಿಕೊಳ್ಳಿ, ಅಷ್ಟೇ.

ಇದನ್ನು ಮಾರುವುದು ಚೋಶಿ ಎಲೆಕ್ಟ್ರಿಕ್ ರೈಲ್ವೆ ಅನ್ನುವ ರೈಲು ಕಂಪನಿಯೇ. ಚೋಶಿಯಿಂದ ತೊಕಾವಾಗೆ ಅವರ ರೈಲು ಹೋಗುವುದು ಬರೀ 6.4 ಕಿಲೋಮೀಟರ್. ಅಷ್ಟರಲ್ಲೇ ಹತ್ತು ಸ್ಟೇಷನ್. 1913ರಲ್ಲಿ ಹಾಕಿದ ಮೊದಲ ಹಳಿ ನಾಲ್ಕೇ ವರ್ಷಕ್ಕೆ ನಷ್ಟದಲ್ಲಿ ಮುಚ್ಚಿತು. ಮಹಾಯುದ್ಧದಲ್ಲಿ ಕಬ್ಬಿಣಕ್ಕೆ ಬಂಗಾರದ ಬೆಲೆ, ಕಿತ್ತು ಮಾರಿದರು. 1923ರಲ್ಲಿ ಮತ್ತೆ ಹಾಕಿದರು. ಬೋಗಿಗಳಲ್ಲಿ ಕೆಲವು ಟೋಕಿಯೋದಲ್ಲಿ ದುಡಿದು, ಮಾತ್ಸುಯಾಮಾದಲ್ಲೂ ದುಡಿದು, ಇಲ್ಲಿಗೆ ಮೂರನೇ ಮನೆಗೆ ಬಂದಂಥವು. ಒಂದು ಸ್ಟೇಷನ್ನಿನ ಹೆಸರನ್ನೇ ಪ್ರಾಯೋಜಕರಿಗೆ ಕೊಟ್ಟು, 'ಕೂದಲು ಕಪ್ಪಗೆ ಬೆಳೆಯಲಿ' ಅನ್ನುವ ಅರ್ಥ ಬರುವ ಹಾಗೆ ಅಕ್ಷರ ತಿರುಗಿಸಿದ್ದರು. ಬೋಳುತಲೆಯ ನಾನು ಅಲ್ಲಿ ಫೋಟೋ ತೆಗೆಸಿಕೊಂಡೆ.

ತೆಗೆದವನು ಆಫೀಸಿನ ಗೆಳೆಯ. ಒಳ್ಳೆಯವನೇ, ಆದರೆ ಮದುವೆ ಊಟದಲ್ಲೂ ಎಲೆಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕುವ ಪೈಕಿ. 'ಗುರೂ, ಇಷ್ಟು ದೂರಕ್ಕೆ ಒಂದು ಬಸ್ ಬಿಟ್ಟರೆ ಸಾಲದಾ? ಇದು ರೈಲ್ವೆನೋ ತಿಂಡಿ ಅಂಗಡಿನೋ?' ಅಂದ. ಲೆಕ್ಕ ತಪ್ಪೇನಲ್ಲ. ಕಂಪನಿಯ ಆದಾಯದ ದೊಡ್ಡ ಪಾಲು ಬರುವುದು ತಿಂಡಿಯಿಂದಲೇ, ಟಿಕೆಟ್ಟಿನಿಂದಲ್ಲ. 2018ರಲ್ಲಿ ಕುರುಕಲು ಕಡ್ಡಿಯೊಂದನ್ನು ತಂದು 'ಮಜುಯಿ ಬೋ' ಅಂತ ಹೆಸರಿಟ್ಟರು. ಬೋ ಅಂದರೆ ಕಡ್ಡಿ. ಮಜುಯಿ ಅಂದರೆ ರುಚಿ ಕೆಟ್ಟಿದೆ ಅಂತಲೂ ಆಗುತ್ತೆ, ಪರಿಸ್ಥಿತಿ ಕೆಟ್ಟಿದೆ ಅಂತಲೂ ಆಗುತ್ತೆ.

ನನ್ನನ್ನು ಕಾಡುವುದು 2006. ಹಿಂದಿನ ಅಧ್ಯಕ್ಷರು ಹಣ ನುಂಗಿದ್ದರು, ಸರ್ಕಾರದ ನೆರವು ನಿಂತಿತ್ತು, ಬೋಗಿಗಳ ಕಡ್ಡಾಯ ತಪಾಸಣೆಗೂ ಕಾಸಿರಲಿಲ್ಲ. ಆಗ ಕಂಪನಿಯವರು ತಮ್ಮ ವೆಬ್‌ಸೈಟಿನಲ್ಲಿ ನೇರವಾಗಿ ಬರೆದರು: ರೈಲು ರಿಪೇರಿಗೆ ದುಡ್ಡು ದುಡಿಯಲೇಬೇಕು, ದಯವಿಟ್ಟು ನುರೆ ಸೆಂಬೇ ಕೊಳ್ಳಿ. ದೇಶದ ಮೂಲೆಮೂಲೆಯಿಂದ ಆರ್ಡರ್ ಬಂದು ಪೂರೈಸಲಾಗದಷ್ಟಾಯಿತು.

'ಇದರಿಂದ ರೈಲು ಓಡುತ್ತೆ.' ನಮ್ಮಪ್ಪನ ಬಾಯಲ್ಲಿ ಇಂಥ ಮಾತು ಬರುತ್ತಲೇ ಇರಲಿಲ್ಲ. ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಬಟ್ಟೆ ಅಂಗಡಿ. ಸಾಲ ಕುತ್ತಿಗೆಗೆ ಬಂದಾಗಲೂ ಗಿರಾಕಿಗಳಿಗೆ ಕಾಫಿ ತರಿಸುತ್ತಿದ್ದರು. ಒಂದು ಸೋಮವಾರ ಬೀಗ ಹಾಕಿ ಬಂದು, ಊಟ ಮಾಡಿ ಮಲಗಿದರು. ಆಮೇಲೆ ಬೀದಿಯಲ್ಲಿ ಸಿಕ್ಕವರೆಲ್ಲ 'ಒಂದು ಮಾತು ಹೇಳಬಾರದಿತ್ತಾ ಸ್ವಾಮಿ' ಅಂದರು. ಅವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು, ಈಗೀಗ ಅಪ್ಪನ ಮೇಲೆ ಬರುತ್ತೆ. ನಾನೂ ಹಾಗೇ ಅನ್ನುವುದು ಬೇರೆ ಮಾತು. ದಾರಿ ತಪ್ಪಿದರೂ ಯಾರನ್ನೂ ಕೇಳುವವನಲ್ಲ.

ರಾತ್ರಿ ಮನೆಯಲ್ಲಿ ಪೊಟ್ಟಣ ಬಿಚ್ಚಿದ ಹೆಂಡತಿ ಒಂದನ್ನು ಬೆರಳಲ್ಲಿ ಒತ್ತಿ ನೋಡಿದಳು.

'ಏನ್ರೀ ಇದು, ಮೆತ್ತಗಾಗಿಬಿಟ್ಟಿದೆ. ಬಿಸಾಕ್ಲಾ?'

'ಬೇಡ ಕಣೇ, ಅದು ಇರೋದೇ ಹಾಗೆ.'